ನಿಮಗಿದು ಗೊತ್ತೇ? ಸಕ್ಕರೆ ಕಾಯಿಲೆಯ ಉಲ್ಟಾ ಕಾಯಿಲೆ

ಸಕ್ಕರೆ ಕಾಯಿಲೆ ಏನೆಂದು ನಮ್ಮಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಸಕ್ಕರೆ ಇಲ್ಲದ ಕಾಫಿ ಕೇಳುವವರು ಮನೆಗೊಬ್ಬರಾದರೂ ಇದ್ದಾರೆ. ಅದಕ್ಕೆ ಪೂರ್ತಿ ತಿರುವುಮುರುವಾದ ಇನ್ನೊಂದು ಕಾಯಿಲೆ ಇದೆ. ಇದರಲ್ಲಿ ಇನ್ಸುಲಿನ್‌ಗೆ ಕೊರತೆಯಿಲ್ಲ, ಇರುವುದೇ ವಿಪರೀತ. ಬರುವುದು ಮುದುಕರಿಗಲ್ಲ, ಆಗಷ್ಟೇ ಕಣ್ಣು ಬಿಟ್ಟ ಹಸುಗೂಸುಗಳಿಗೆ. ಎಪ್ಪತ್ತು ವರ್ಷಗಳ ಹಿಂದೆ ಕಾರಣವೇ ತಿಳಿಯದಿದ್ದ ಈ ಕಾಯಿಲೆಯ ಒಳಗುಟ್ಟು ಇಂದು ವಂಶವಾಹಿಯ ಅಕ್ಷರದ ಮಟ್ಟಕ್ಕೆ ಬಿಚ್ಚಿಕೊಂಡಿದೆ. ಆ ಕಥೆಯ ತುಣುಕುಗಳು ಇಲ್ಲಿವೆ.

ಕಾಯಿಲೆಯ ಗುರುತು

1. ಇದರ ಹೆಸರು ಜನ್ಮಜಾತ ಹೈಪರ್‌ಇನ್ಸುಲಿನಿಸಂ. ರಕ್ತದ ಸಕ್ಕರೆ ಇಳಿದ ಕೂಡಲೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಸುರಿಸುವುದನ್ನು ನಿಲ್ಲಿಸಬೇಕು. ಈ ಮಕ್ಕಳಲ್ಲಿ ಅವು ನಿಲ್ಲಿಸುವುದಿಲ್ಲ. ಹೊಟ್ಟೆ ಖಾಲಿಯಿದ್ದರೂ, ಮಗು ನಿದ್ದೆಯಲ್ಲಿದ್ದರೂ ಇನ್ಸುಲಿನ್ ಬರುತ್ತಲೇ ಇರುತ್ತದೆ.

2. ಸಾಮಾನ್ಯವಾಗಿ ಸುಮಾರು 50,000 ಹೆರಿಗೆಗಳಲ್ಲಿ ಒಂದು ಮಗುವಿಗೆ ಇದು ಬರುತ್ತದೆ. ಬ್ರಿಟನ್ನಿನ ಈಚಿನ ಲೆಕ್ಕ ಇದಕ್ಕಿಂತ ಹೆಚ್ಚಿದೆ. ಪತ್ತೆ ಹಚ್ಚುವ ಕೈಗಳು ಪಳಗಿದಷ್ಟೂ ಸಿಗುವ ಮಕ್ಕಳ ಸಂಖ್ಯೆಯೂ ಏರುತ್ತದೆ.

3. ಎಲ್ಲ ಕಡೆ ಇಷ್ಟೇ ಅಪರೂಪವಲ್ಲ. ಒಳಸಂಬಂಧದ ಮದುವೆ ಹೆಚ್ಚಿರುವ ಸೌದಿ ಅರೇಬಿಯಾದಲ್ಲಿ ಸುಮಾರು 2,500 ಹೆರಿಗೆಗೆ ಒಂದು ಎಂಬ ಲೆಕ್ಕವಿದೆ. ಫಿನ್ಲೆಂಡ್ ದೇಶಕ್ಕೆ ಒಟ್ಟಾಗಿ ನೋಡಿದರೆ 40,000ಕ್ಕೆ ಒಂದು. ಆದರೆ ಅದೇ ದೇಶದ ನಡುಭಾಗದ ಒಂದು ಪ್ರದೇಶದಲ್ಲಿ ಮಾತ್ರ 3,200ಕ್ಕೆ ಒಂದು.

4. ಮಗುವಿನ ಮಿದುಳಿಗೆ ಮುಖ್ಯ ಇಂಧನ ಗ್ಲುಕೋಸ್. ಅದು ಕಡಿಮೆಯಾದರೆ ಕೊಬ್ಬು ಕರಗಿ ಕೀಟೋನ್ ಎಂಬ ಬದಲಿ ಇಂಧನ ಹುಟ್ಟುತ್ತದೆ, ಮಿದುಳು ಅದರಲ್ಲಿ ಸುಧಾರಿಸಿಕೊಳ್ಳುತ್ತದೆ. ಇನ್ಸುಲಿನ್ ಹೆಚ್ಚಿದ್ದರೆ ಕೊಬ್ಬು ಕರಗುವುದೇ ನಿಂತುಹೋಗುತ್ತದೆ. ಹೀಗೆ ಎರಡು ಇಂಧನಗಳೂ ಒಟ್ಟಿಗೆ ಬಂದ್. ಸಕ್ಕರೆ ಇಳಿಯುವ ಬೇರೆಲ್ಲ ಕಾಯಿಲೆಗಳಿಗಿಂತ ಇದು ಮಿದುಳಿಗೆ ಹೆಚ್ಚು ಅಪಾಯಕಾರಿ ಎನ್ನುವುದು ಇದೇ ಕಾರಣಕ್ಕೆ.

5. ಇನ್ಸುಲಿನ್ ಗರ್ಭದಲ್ಲಿ ಬೆಳವಣಿಗೆಯ ಹಾರ್ಮೋನಿನಂತೆಯೂ ಕೆಲಸ ಮಾಡುತ್ತದೆ. ಹಾಗಾಗಿ ಇಂಥ ಎಷ್ಟೋ ಮಕ್ಕಳು ದುಂಡುದುಂಡಾಗಿ, ತೂಕವಾಗಿ ಹುಟ್ಟುತ್ತಾರೆ. ‘ಮಗು ಒಳ್ಳೇ ಪುಷ್ಟಿಯಾಗಿದೆ’ ಎಂದು ಮನೆಯವರು ಹಿಗ್ಗುವಾಗಲೇ ಅದರ ಸಕ್ಕರೆ ಕುಸಿಯುತ್ತಿರಬಹುದು.

6. ಲಕ್ಷಣಗಳು ಮೋಸದವು. ಮಗು ಹಾಲೆಳೆಯುವುದಿಲ್ಲ, ಜೋಲುಬೀಳುತ್ತದೆ, ಕೈಕಾಲು ನಡುಗುತ್ತವೆ, ಮೈ ತಣ್ಣಗಾಗುತ್ತದೆ, ಉಸಿರು ತಪ್ಪಿ ನೀಲಿಗಟ್ಟುತ್ತದೆ, ಕೆಲವೊಮ್ಮೆ ನೇರವಾಗಿ ಫಿಟ್ಸ್ ಬರುತ್ತದೆ. ಇವೆಲ್ಲ ಸೋಂಕಿನಲ್ಲೂ ಕಾಣುತ್ತವೆ. ಬರೀ ನೋಡಿ ಹೇಳಲಾಗದು, ಅಳೆದೇ ತಿಳಿಯಬೇಕು.

7. ಹುಟ್ಟಿದ ಮೊದಲ ಕೆಲವು ಗಂಟೆ ಎಲ್ಲ ಮಕ್ಕಳ ಸಕ್ಕರೆಯೂ ಒಂದಿಷ್ಟು ಇಳಿಯುತ್ತದೆ. ಅದು ಸಹಜ ಇಳಿತ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಕುತೂಹಲದ ಸಂಗತಿಯೆಂದರೆ, ಈ ಸಹಜ ಇಳಿತವೂ ಇನ್ಸುಲಿನ್ ಇನ್ನೂ ಪೂರ್ತಿ ಹಿಡಿತಕ್ಕೆ ಬಾರದಿರುವುದರ ಸೌಮ್ಯ ರೂಪವೇ ಎಂದು ಫಿಲಡೆಲ್ಫಿಯಾದ ಮಕ್ಕಳ ತಜ್ಞ ಚಾರ್ಲ್ಸ್ ಸ್ಟ್ಯಾನ್ಲಿ ಮತ್ತು ಸಂಗಡಿಗರು 2015ರಲ್ಲಿ ವಾದಿಸಿದರು.

8. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಮಗುವಿನ ಇನ್ಸುಲಿನ್ ಕೆಲವು ದಿನ ಮಾತ್ರ ಹೆಚ್ಚಿರುತ್ತದೆ. ಗರ್ಭದಲ್ಲಿ ಸರಿಯಾಗಿ ಬೆಳೆಯದ, ಹೆರಿಗೆಯಲ್ಲಿ ಉಸಿರುಗಟ್ಟಿ ಬಳಲಿದ ಮಕ್ಕಳಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಇದ್ದು ತಾನಾಗಿ ಹೋಗುತ್ತದೆ. ಅಂದರೆ ತೀರಾ ಚಿಕ್ಕದಾಗಿ ಹುಟ್ಟಿದ ಮಗುವಿನಲ್ಲೂ ಇನ್ಸುಲಿನ್ ವಿಪರೀತ ಇರಬಹುದು.

ಪತ್ತೆ ಹೇಗೆ?

9. ಆರೋಗ್ಯವಂತ ನವಜಾತ ಶಿಶುವಿನ ಯಕೃತ್ತು ಪ್ರತಿ ನಿಮಿಷ, ಪ್ರತಿ ಕಿಲೋ ತೂಕಕ್ಕೆ 4ರಿಂದ 6 ಮಿಲಿಗ್ರಾಂ ಗ್ಲುಕೋಸ್ ಒದಗಿಸುತ್ತದೆ. ಸಕ್ಕರೆ ಹಿಡಿದಿಡಲು ಡ್ರಿಪ್ಪಿನಲ್ಲಿ 8 ಮಿಲಿಗ್ರಾಮಿಗೂ ಹೆಚ್ಚು ಕೊಡಬೇಕಾಗಿ ಬಂದರೆ ವೈದ್ಯರ ಅನುಮಾನ ಇನ್ಸುಲಿನ್ ಕಡೆ ತಿರುಗುತ್ತದೆ. ಕೆಲವು ಮಕ್ಕಳಿಗೆ ಅದು 15 ದಾಟುವುದೂ ಉಂಟು.

10. ಇನ್ಸುಲಿನ್ ಆಕಾಶಕ್ಕೇರಿರಬೇಕು ಎಂದೇನಿಲ್ಲ. ಸಕ್ಕರೆ ಡೆಸಿಲೀಟರಿಗೆ 50 ಮಿಲಿಗ್ರಾಮಿಗಿಂತ ಕೆಳಗಿರುವಾಗ ರಕ್ತದಲ್ಲಿ ಇನ್ಸುಲಿನ್ ಕಾಣಿಸಿಕೊಂಡರೆ ಅದೇ ತಪ್ಪು. ಲ್ಯಾಬ್ ಚೀಟಿಯಲ್ಲಿ ‘ನಾರ್ಮಲ್’ ಎಂದು ಬರೆದಿರುವ ಅಂಕಿಯೇ ಆ ಹೊತ್ತಿನಲ್ಲಿ ರೋಗದ ಸಾಕ್ಷಿ.

11. ಇನ್ಸುಲಿನ್ ಅಲೆಅಲೆಯಾಗಿ ಸುರಿಯುವುದರಿಂದ ಒಂದು ಅಳತೆಯಲ್ಲಿ ಕೈಗೆ ಸಿಗದೇ ಹೋಗಬಹುದು. ಆಗ ಅದರ ಹೆಜ್ಜೆಗುರುತು ಹುಡುಕುತ್ತಾರೆ. ಸಕ್ಕರೆ ಇಳಿದಿದ್ದೂ ಕೀಟೋನ್ ಮತ್ತು ಕೊಬ್ಬಿನಾಮ್ಲ ಏರಿಲ್ಲವೆಂದರೆ ಇನ್ಸುಲಿನ್ ಅಲ್ಲೇ ಇದೆ ಎಂದರ್ಥ.

12. ಇನ್ನೊಂದು ಜಾಣ ಪರೀಕ್ಷೆ, ಯಕೃತ್ತಿನ ದಾಸ್ತಾನಿನಿಂದ ಸಕ್ಕರೆ ಬಿಡಿಸುವ ಗ್ಲುಕಗಾನ್ ಹಾರ್ಮೋನಿನ ಚುಚ್ಚುಮದ್ದು. ಉಪವಾಸದಿಂದ ಸಕ್ಕರೆ ಇಳಿದಿದ್ದರೆ ಯಕೃತ್ತಿನ ದಾಸ್ತಾನು ಮುಗಿದಿರಬೇಕು, ಗ್ಲುಕಗಾನ್ ಕೊಟ್ಟರೂ ಸಕ್ಕರೆ ಏರದು. ಇನ್ಸುಲಿನ್ ಹೆಚ್ಚಿರುವ ಮಗುವಿನಲ್ಲಿ ದಾಸ್ತಾನು ಬೀಗ ಹಾಕಿಕೊಂಡು ಹಾಗೇ ಇರುತ್ತದೆ. ಗ್ಲುಕಗಾನ್ ಕೊಟ್ಟ ಮೇಲೆ ಸಕ್ಕರೆ 30 ಮಿಲಿಗ್ರಾಮಿನಷ್ಟು ಜಿಗಿದರೆ ಸಂಶಯ ಬಲವಾಗುತ್ತದೆ.

13. ಕೆನ್ನೆಯ ಒಳಗೆ ಸಕ್ಕರೆಯ ಜೆಲ್ ಸವರಿದರೆ ಸಾಕೇ? ಸಹಜ ಇಳಿತಕ್ಕೆ ಬಹಳಷ್ಟು ಸಲ ಸಾಕು. ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ನಡೆದ ‘ಶುಗರ್ ಬೇಬೀಸ್’ ಪ್ರಯೋಗ 2013ರಲ್ಲಿ ಶೇ. 40ರ ಡೆಕ್ಸ್‌ಟ್ರೋಸ್ ಜೆಲ್ಲಿನ ಉಪಯೋಗವನ್ನು ತೋರಿಸಿಕೊಟ್ಟಿತು. ಜೆಲ್ಲಿಗೂ ಹಾಲಿಗೂ ಬಗ್ಗದೆ ಸಕ್ಕರೆ ಮತ್ತೆ ಮತ್ತೆ ಬಿದ್ದರೆ ಮಾತ್ರ ದೊಡ್ಡ ತನಿಖೆ.

ಹಳೆಯ ಪುಟಗಳು

14. ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ, ಟೊರಾಂಟೊದಲ್ಲಿ. ಮೂರೇ ವರ್ಷದಲ್ಲಿ, 1924ರಲ್ಲಿ, ಅಮೆರಿಕದ ಅಲಬಾಮಾದ ವೈದ್ಯ ಸೀಲ್ ಹ್ಯಾರಿಸ್ ಒಂದು ಪ್ರಶ್ನೆ ಎತ್ತಿದರು: ಹೊರಗಿನಿಂದ ಹೆಚ್ಚು ಇನ್ಸುಲಿನ್ ಚುಚ್ಚಿಕೊಂಡವರಿಗೆ ಆಗುವ ತಲೆಸುತ್ತು, ನಡುಕ ಚುಚ್ಚಿಕೊಳ್ಳದವರಿಗೂ ಆಗುತ್ತಿದೆಯಲ್ಲ, ಅವರ ಮೈಯೇ ಅದನ್ನು ಹೆಚ್ಚು ತಯಾರಿಸುತ್ತಿರಬಹುದೇ?

15. ಉತ್ತರ 1927ರಲ್ಲಿ ಮೇಯೋ ಕ್ಲಿನಿಕ್ಕಿನಿಂದ ಬಂತು. ರಸೆಲ್ ವೈಲ್ಡರ್ ತಂಡ ಇನ್ಸುಲಿನ್ ಸುರಿಸುವ ಗಡ್ಡೆಯೊಂದನ್ನು ವರದಿ ಮಾಡಿತು. ಆ ರೋಗಿ ಸ್ವತಃ ವೈದ್ಯ. ಅಂಥ ಗಡ್ಡೆ ತೆಗೆದು ರೋಗಿಯನ್ನು ಮೊದಲು ಗುಣಪಡಿಸಿದವರು 1929ರಲ್ಲಿ ಟೊರಾಂಟೊದ ರಾಸ್ಕೊ ಗ್ರಹಾಂ. ಇನ್ಸುಲಿನ್ ಹುಟ್ಟಿದ ಊರಿನಲ್ಲೇ ಅದರ ಅತಿರೇಕಕ್ಕೂ ಮದ್ದಾಯಿತು.

16. 1934ರಲ್ಲಿ ಇನ್ನೊಬ್ಬ ಗ್ರಹಾಂ, ಸೇಂಟ್ ಲೂಯಿಸ್‌ನ ಎವಾರ್ಟ್ಸ್ ಗ್ರಹಾಂ, ಮಗುವೊಂದರ ಮೇದೋಜೀರಕ ಗ್ರಂಥಿಯ ಬಹುಭಾಗವನ್ನು ಕತ್ತರಿಸಿ ತೆಗೆದದ್ದನ್ನು ವರದಿ ಮಾಡಿದರು. ಕ್ಯಾನ್ಸರ್ ತಗುಲಿದ ಇಡೀ ಶ್ವಾಸಕೋಶವನ್ನು ಒಂದೇ ಸಲಕ್ಕೆ ತೆಗೆದು ರೋಗಿಯನ್ನು ಉಳಿಸಿ 1933ರಲ್ಲಿ ಹೆಸರಾದವರೂ ಇವರೇ.

17. ಮಕ್ಕಳ ಈ ಕಾಯಿಲೆಯನ್ನು ಪ್ರತ್ಯೇಕವಾಗಿ ಗುರುತಿಸಿ ಬರೆದವರು ಮಿನೆಸೋಟದ ಮಕ್ಕಳ ತಜ್ಞ ಅರ್ವಿನ್ ಮೆಕ್‌ಕ್ವಾರಿ, 1954ರಲ್ಲಿ. ಆಗ ರಕ್ತದ ಇನ್ಸುಲಿನ್ ಅಳೆಯುವ ದಾರಿಯೇ ಇರಲಿಲ್ಲ. ಹಾಗಾಗಿ ಕಾರಣ ಗೊತ್ತಿಲ್ಲದ ಸಕ್ಕರೆ ಕುಸಿತ ಎಂದಷ್ಟೇ ಹೇಳಲು ಸಾಧ್ಯವಾಯಿತು.

18. ಅಳೆಯುವ ದಾರಿ ಸಿಕ್ಕಿದ್ದು 1960ರಲ್ಲಿ. ನ್ಯೂಯಾರ್ಕಿನ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ವಿಕಿರಣದ ಗುರುತು ಹಚ್ಚಿ ರಕ್ತದಲ್ಲಿನ ಅತ್ಯಲ್ಪ ಇನ್ಸುಲಿನ್ನನ್ನೂ ಲೆಕ್ಕ ಹಾಕುವ ವಿಧಾನ ಕೊಟ್ಟರು.

19. 1977ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಅರ್ಧ ಪಾಲು ಈ ವಿಧಾನಕ್ಕಾಗಿ ಯಾಲೊ ಅವರಿಗೆ ಸಂದಿತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. ಉಳಿದರ್ಧ ರೋಜರ್ ಗಿಯ್ಮಾ ಮತ್ತು ಆಂಡ್ರ್ಯೂ ಶಾಲಿಗೆ. ಗಿಯ್ಮಾ ಪ್ರಯೋಗಾಲಯ 1973ರಲ್ಲಿ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನನ್ನು ಬೇರ್ಪಡಿಸಿತ್ತು, ಅದರ ನಕಲೇ ಇಂದು ಈ ಮಕ್ಕಳಿಗೆ ಕೊಡುವ ಚುಚ್ಚುಮದ್ದು. ರೋಗ ಅಳೆಯುವ ಕೋಲು, ರೋಗ ತಡೆಯುವ ಮದ್ದು ಎರಡಕ್ಕೂ ಒಂದೇ ವರ್ಷದ ನೊಬೆಲ್ಲಿನ ನಂಟು.

20. ಸೂಕ್ಷ್ಮದರ್ಶಕವೂ ವೈದ್ಯರ ದಾರಿ ತಪ್ಪಿಸಿತ್ತು. ಗ್ರಂಥಿಯ ನಾಳಗಳಿಂದ ಹೊಸ ಇನ್ಸುಲಿನ್ ಕೋಶಗಳು ಮೊಳೆಯುವುದೇ ಕಾಯಿಲೆಯ ಮೂಲ ಎಂದು ದಶಕಗಳ ಕಾಲ ನಂಬಿದ್ದರು. ಬೇರೆ ಕಾರಣಕ್ಕೆ ತೀರಿಹೋದ ಆರೋಗ್ಯವಂತ ಶಿಶುಗಳ ಗ್ರಂಥಿಯಲ್ಲೂ ಅದೇ ನೋಟ ಕಂಡಾಗ, 1980ರ ಸುಮಾರಿಗೆ, ಆ ನಂಬಿಕೆ ಬಿದ್ದುಹೋಯಿತು.

ಬೀಟಾ ಕೋಶದೊಳಗೆ

21. 1984ರಲ್ಲಿ ಫ್ರಾನ್ಸೆಸ್ ಆಶ್‌ಕ್ರಾಫ್ಟ್ ಮತ್ತು ಸಂಗಡಿಗರು ಗ್ಲುಕೋಸ್ ಬಂದಾಗ ಬೀಟಾ ಕೋಶದ ಪೊಟ್ಯಾಸಿಯಂ ದ್ವಾರ ಮುಚ್ಚಿಕೊಳ್ಳುತ್ತದೆ ಎಂದು ತೋರಿಸಿದರು. ದ್ವಾರ ಮುಚ್ಚಿದರೆ ಕೋಶದ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಇನ್ಸುಲಿನ್ ಹೊರಬೀಳುತ್ತದೆ. ಸಕ್ಕರೆ ಇಳಿದರೆ ದ್ವಾರ ತೆರೆದು ಇನ್ಸುಲಿನ್ ನಿಲ್ಲುತ್ತದೆ.

22. ಈ ದ್ವಾರ ಎಂಟು ತುಂಡುಗಳ ಜೋಡಣೆ: ಒಂದು ಬಗೆಯ ಪ್ರೋಟೀನ್ ನಾಲ್ಕು, ಇನ್ನೊಂದು ಬಗೆಯದು ನಾಲ್ಕು. ಅವುಗಳ ವಂಶವಾಹಿಗಳು ಎಬಿಸಿಸಿ8 ಮತ್ತು ಕೆಸಿಎನ್‌ಜೆ11. ಎರಡೂ 11ನೇ ವರ್ಣತಂತುವಿನಲ್ಲಿ ಅಕ್ಕಪಕ್ಕದಲ್ಲೇ ಇವೆ. ಮೊದಲನೆಯದರ ದೋಷವೇ ಈ ಕಾಯಿಲೆಗೆ ಕಾರಣ ಎಂಬುದು 1995ರಲ್ಲಿ, ಎರಡನೆಯದರ ಪಾಲು 1996ರಲ್ಲಿ ತಿಳಿಯಿತು. ದೋಷವಿದ್ದರೆ ದ್ವಾರ ತೆರೆಯುವುದೇ ಇಲ್ಲ, ಇನ್ಸುಲಿನ್ ನಿಲ್ಲುವುದೂ ಇಲ್ಲ.

23. ಅದೇ ದ್ವಾರ ಮುಚ್ಚದೇ ಹೋದರೆ? ಹಸುಗೂಸಿಗೆ ಸಕ್ಕರೆ ಕಾಯಿಲೆ! ಬ್ರಿಟನ್ನಿನ ಎಕ್ಸೆಟರ್ ತಂಡ ಇದನ್ನು 2004ರಲ್ಲಿ ಕಂಡುಕೊಂಡಿತು. 2006ರಲ್ಲಿ ಅಂಥ 49 ರೋಗಿಗಳ ಪೈಕಿ 44 ಮಂದಿ ಇನ್ಸುಲಿನ್ ಚುಚ್ಚುವುದನ್ನು ಬಿಟ್ಟು ಹಳೇ ಕಾಲದ ಸಲ್ಫೊನೈಲ್‌ಯೂರಿಯ ಮಾತ್ರೆಗೆ ಬದಲಾದರು. ಒಂದೇ ದ್ವಾರದ ಎರಡು ಕೇಡು, ಎರಡು ವಿರುದ್ಧ ಕಾಯಿಲೆ.

24. ಸಲ್ಫೊನೈಲ್‌ಯೂರಿಯ ಈ ದ್ವಾರವನ್ನು ಮುಚ್ಚುತ್ತದೆ, ಡಯಾಜಾಕ್ಸೈಡ್ ಎಂಬ ಮದ್ದು ತೆರೆಯುತ್ತದೆ. ಮೊದಲನೆಯದು ಅಜ್ಜನ ಸಕ್ಕರೆ ಕಾಯಿಲೆಗೆ, ಎರಡನೆಯದು ಮೊಮ್ಮಗುವಿನ ಅತಿ ಇನ್ಸುಲಿನ್‌ಗೆ.

25. ಡಯಾಜಾಕ್ಸೈಡ್ ಹುಟ್ಟಿದ್ದು ರಕ್ತದೊತ್ತಡ ಇಳಿಸಲು. ತೆಗೆದುಕೊಂಡವರ ಸಕ್ಕರೆ ಏರುತ್ತಿತ್ತು, ಅದು ಅಡ್ಡ ಪರಿಣಾಮ. ಆ ಅಡ್ಡ ಪರಿಣಾಮವನ್ನೇ 1964ರಲ್ಲಿ ಮಕ್ಕಳ ವೈದ್ಯರು ಮದ್ದಾಗಿ ಹಿಡಿದುಕೊಂಡರು. ಇಂದಿಗೂ ಇದೇ ಮೊದಲ ಮದ್ದು. ಆದರೆ ದ್ವಾರವೇ ಕೆಟ್ಟಿರುವ ತೀವ್ರ ರೂಪದ ಮಕ್ಕಳಲ್ಲಿ ತೆರೆಯಲು ದ್ವಾರವೇ ಇಲ್ಲದ್ದರಿಂದ ಹೆಚ್ಚಿನ ಸಲ ಇದು ಕೆಲಸ ಮಾಡದು.

26. ಈ ಮದ್ದು ತೆಗೆದುಕೊಳ್ಳುವ ಮಕ್ಕಳ ಹಣೆ, ಬೆನ್ನು, ಕೈಕಾಲುಗಳಲ್ಲಿ ಕೂದಲು ಸೊಂಪಾಗಿ ಬೆಳೆಯುತ್ತದೆ. ಮದ್ದು ನಿಲ್ಲಿಸಿದರೆ ಉದುರಿಹೋಗುತ್ತದೆ. ಮೈಯಲ್ಲಿ ನೀರು ತುಂಬುವುದು ಮಾತ್ರ ಹಗುರವಾಗಿ ಕಾಣುವಂಥದ್ದಲ್ಲ, ಜೊತೆಗೆ ಮೂತ್ರ ಹೆಚ್ಚಿಸುವ ಮದ್ದು ಕೊಡುವುದು ರೂಢಿ. ಶಿಶುಗಳ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಸಿತು.

27. ಇದೇ ಮದ್ದಿನ ಇನ್ನೊಂದು ರೂಪಕ್ಕೆ 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಯಾವುದಕ್ಕೆ? ಪ್ರಾಡರ್-ವಿಲ್ಲಿ ಸಿಂಡ್ರೋಮ್ ಇರುವವರ ತಣಿಯದ ಹಸಿವಿಗೆ. ರಕ್ತದೊತ್ತಡದಿಂದ ಹೊರಟ ಮದ್ದಿಗೆ ಮೂರನೇ ಜನ್ಮ.

28. ಮೊಟ್ಟೆ, ಪನೀರು, ಬೇಳೆ ತಿಂದರೆ ಸಕ್ಕರೆ ಕುಸಿಯುವ ಮಕ್ಕಳೂ ಇದ್ದಾರೆ. ಪ್ರೋಟೀನಿನಲ್ಲಿರುವ ಲ್ಯೂಸಿನ್ ಇನ್ಸುಲಿನ್ನನ್ನು ಕೆರಳಿಸುತ್ತದೆ ಎಂಬ ಸುಳಿವು 1950ರ ದಶಕದಲ್ಲೇ ಸಿಕ್ಕಿತ್ತು. ಕಾರಣವಾದ ಜಿಎಲ್‌ಯುಡಿ1 ವಂಶವಾಹಿಯನ್ನು ಸ್ಟ್ಯಾನ್ಲಿ ತಂಡ 1998ರಲ್ಲಿ ಹಿಡಿಯಿತು. ಈ ಮಕ್ಕಳ ರಕ್ತದಲ್ಲಿ ಅಮೋನಿಯ ಸಹಜಕ್ಕಿಂತ ಮೂರರಿಂದ ಐದು ಪಟ್ಟು ಇರುತ್ತದೆ. ಆದರೂ ಅಮೋನಿಯ ಏರಿದಾಗ ಬರುವ ಮಂಪರು, ವಾಂತಿ ಇವರಿಗೆ ಬರುವುದಿಲ್ಲ.

29. ಓಡಿದರೆ, ಆಡಿದರೆ ಸಕ್ಕರೆ ಬೀಳುವ ರೂಪವೂ ಇದೆ. ಬೀಟಾ ಕೋಶದಲ್ಲಿ ಸುಮ್ಮನಿರಬೇಕಾದ ವಂಶವಾಹಿಯೊಂದು ಎಚ್ಚೆತ್ತು, ವ್ಯಾಯಾಮದಲ್ಲಿ ಹುಟ್ಟುವ ಪೈರುವೇಟನ್ನು ಕೋಶದೊಳಗೆ ಬಿಟ್ಟುಕೊಳ್ಳುತ್ತದೆ. ಕೋಶ ಅದನ್ನು ಊಟ ಬಂತೆಂದು ಭಾವಿಸಿ ಇನ್ಸುಲಿನ್ ಸುರಿಸುತ್ತದೆ. ಫಿನ್ಲೆಂಡಿನ ಟಿಮೊ ಒಟೊನ್‌ಕೊಸ್ಕಿ ತಂಡ ಇದನ್ನು 2007ರಲ್ಲಿ ಬಿಡಿಸಿಟ್ಟಿತು.

30. 2022ರಲ್ಲಿ ಎಕ್ಸೆಟರ್ ತಂಡ ಇನ್ನೂ ವಿಚಿತ್ರವಾದ ತಪ್ಪನ್ನು ಕಂಡಿತು. ಎಚ್‌ಕೆ1 ವಂಶವಾಹಿಯ ಪ್ರೋಟೀನ್ ಬರೆಯುವ ಭಾಗದಲ್ಲಿ ದೋಷವೇ ಇರಲಿಲ್ಲ. ಬೀಟಾ ಕೋಶದಲ್ಲಿ ಅದನ್ನು ಮಲಗಿಸಿಡುವ ನಿಯಂತ್ರಣ ಭಾಗ ಕೆಟ್ಟಿತ್ತು. ಎದ್ದ ವಂಶವಾಹಿ ಸಕ್ಕರೆ ಕಡಿಮೆಯಿದ್ದಾಗಲೂ ಇನ್ಸುಲಿನ್ ತಯಾರಿಸಲು ಹಚ್ಚುತ್ತದೆ. ವರ್ಷಗಟ್ಟಲೆ ಕಾರಣ ಸಿಗದೆ ಕಾದಿದ್ದ ಕುಟುಂಬಗಳಿಗೆ ಉತ್ತರ ದೊರೆಯಿತು.

31. ಎಚ್‌ಎನ್‌ಎಫ್4ಎ ವಂಶವಾಹಿಯ ದೋಷವಿರುವ ಮಕ್ಕಳು ಹುಟ್ಟುವಾಗ ದೋಷವಿಲ್ಲದ ಮನೆಯವರಿಗಿಂತ ಸುಮಾರು 790 ಗ್ರಾಂ ಹೆಚ್ಚು ತೂಗುತ್ತಾರೆ, ಕೆಲವರಿಗೆ ಹುಟ್ಟಿದಾಗ ಇನ್ಸುಲಿನ್ ಹೆಚ್ಚು. ಅದೇ ಮಕ್ಕಳು ಹರೆಯಕ್ಕೆ ಬಂದಮೇಲೆ ಸಕ್ಕರೆ ಕಾಯಿಲೆಗೆ ತುತ್ತಾಗುತ್ತಾರೆ. ಒಂದೇ ಬಾಳಿನಲ್ಲಿ ಎರಡು ತುದಿ.

32. ಈವರೆಗೆ 20ಕ್ಕೂ ಹೆಚ್ಚು ವಂಶವಾಹಿಗಳ ನಂಟು ಪತ್ತೆಯಾಗಿದೆ. ಡಯಾಜಾಕ್ಸೈಡಿಗೆ ಬಗ್ಗುವ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ವಂಶವಾಹಿ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ.

33. ನಾಲಿಗೆ ದೊಡ್ಡದು, ಹೊಕ್ಕಳ ಬಳಿ ಉಬ್ಬು, ಮೈಯ ಒಂದು ಪಕ್ಕ ಹೆಚ್ಚು ಬೆಳೆದದ್ದು: ಇದು ಬೆಕ್‌ವಿತ್-ವೀಡೆಮಾನ್ ಸಿಂಡ್ರೋಮ್. ಇಂಥ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಸಕ್ಕರೆ ಇಳಿಯಬಹುದು. ಕಬುಕಿ ಮತ್ತು ಟರ್ನರ್ ಸಿಂಡ್ರೋಮ್‌ಗಳಲ್ಲೂ ಅತಿ ಇನ್ಸುಲಿನ್ ಕಾಣಿಸಿಕೊಳ್ಳುವುದುಂಟು.

ಅಪ್ಪನದೋ, ಅಮ್ಮನದೋ?

34. ಮದ್ದಿಗೆ ಬಗ್ಗದ ಕಾಯಿಲೆಯಲ್ಲಿ ಎರಡು ಬಗೆ. ಒಂದರಲ್ಲಿ ಇಡೀ ಗ್ರಂಥಿಯ ಬೀಟಾ ಕೋಶಗಳೆಲ್ಲ ಕೆಟ್ಟಿರುತ್ತವೆ. ಇನ್ನೊಂದರಲ್ಲಿ ಗ್ರಂಥಿಯೆಲ್ಲ ಸರಿಯಿದ್ದು, ಎಲ್ಲೋ ಒಂದೆಡೆ ಹುರುಳಿ ಕಾಳಿನಷ್ಟು ಜಾಗ ಮಾತ್ರ ಹುಚ್ಚೆದ್ದಿರುತ್ತದೆ. ಹೊರಗಿನ ಲಕ್ಷಣ ಎರಡಕ್ಕೂ ಒಂದೇ. ಚಿಕಿತ್ಸೆಗೆ ಮಾತ್ರ ಅಜಗಜಾಂತರ.

35. ಆ ಸಣ್ಣ ಚುಕ್ಕೆ ಹುಟ್ಟುವ ಬಗೆಯನ್ನು ಪ್ಯಾರಿಸ್ಸಿನ ನೆಕ್ಕರ್ ಮಕ್ಕಳ ಆಸ್ಪತ್ರೆಯ ತಂಡ 1997-98ರಲ್ಲಿ ವಿವರಿಸಿತು. ಮೊದಲು ಅಪ್ಪನಿಂದ ದ್ವಾರದ ವಂಶವಾಹಿಯ ಒಂದು ಕೆಟ್ಟ ಪ್ರತಿ ಬಂದಿರಬೇಕು. ಆಮೇಲೆ, ಗರ್ಭದಲ್ಲಿ ಗ್ರಂಥಿ ಬೆಳೆಯುವಾಗ ಯಾವುದೋ ಒಂದು ಕೋಶ ಅಮ್ಮನಿಂದ ಬಂದ 11ನೇ ವರ್ಣತಂತುವಿನ ಆ ಭಾಗವನ್ನು ಕಳೆದುಕೊಳ್ಳಬೇಕು. ಅಮ್ಮನ ಆ ಭಾಗದಲ್ಲೇ ಕೋಶದ ಬೆಳವಣಿಗೆಗೆ ಲಗಾಮು ಹಾಕುವ ವಂಶವಾಹಿಗಳೂ ಇವೆ. ಲಗಾಮು ಹೋಯಿತು, ಸರಿಯಾದ ದ್ವಾರವೂ ಹೋಯಿತು. ಆ ಒಂದು ಕೋಶದ ಸಂತತಿ ಹೆಚ್ಚುತ್ತಾ ಚುಕ್ಕೆಯಾಗುತ್ತದೆ.

36. ಹೀಗಾಗಿ ಮಗುವಿನ ಜೊತೆ ಅಪ್ಪ ಅಮ್ಮನ ರಕ್ತವನ್ನೂ ಪರೀಕ್ಷಿಸುತ್ತಾರೆ. ದೋಷದ ಪ್ರತಿ ಒಂದೇ, ಅದೂ ಅಪ್ಪನದು ಎಂದು ತಿಳಿದರೆ ಮದ್ದಿಗೆ ಬಗ್ಗದ ಮಗುವಿನಲ್ಲಿ ಚುಕ್ಕೆ ಇರುವ ಸಾಧ್ಯತೆ ಶೇ. 90ಕ್ಕೂ ಹೆಚ್ಚು. ಇಬ್ಬರಿಂದಲೂ ಬಂದಿದ್ದರೆ ಇಡೀ ಗ್ರಂಥಿಯ ಕಾಯಿಲೆ. ಎಕ್ಸೆಟರಿನ ಪ್ರಯೋಗಾಲಯಕ್ಕೆ ಇಂಥ ಮಾದರಿಗಳು ಹಲವು ದೇಶಗಳಿಂದ ಹೋಗುತ್ತವೆ.

37. ಕರ್ನಾಟಕಕ್ಕೆ ಈ ಲೆಕ್ಕ ದೂರದ್ದಲ್ಲ. ನಮ್ಮ ರಾಜ್ಯದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದೊಳಗೆ ನಡೆಯುತ್ತದೆ: ಸೋದರಮಾವ, ಅತ್ತೆಯ ಮಗ, ಮಾವನ ಮಗಳು. ಒಂದೇ ಅಜ್ಜನ ಕೆಟ್ಟ ಪ್ರತಿ ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ಶೇ. 25. ಮೊದಲ ಮಗುವಿಗೆ ಬಂತೆಂದು ಮುಂದಿನ ಮೂರಕ್ಕೆ ವಿನಾಯಿತಿ ಇಲ್ಲ.

38. ಚುಕ್ಕೆಯ ಕಾಯಿಲೆಗೂ ಸೋದರ ಸಂಬಂಧಕ್ಕೂ ನಂಟಿಲ್ಲ. ಅದರ ಎರಡನೇ ಪೆಟ್ಟು ಗರ್ಭದಲ್ಲಿ ಆಕಸ್ಮಿಕವಾಗಿ ಬೀಳುವುದರಿಂದ ಮುಂದಿನ ಮಗುವಿಗೆ ಮರುಕಳಿಸುವುದು ತೀರಾ ಅಪರೂಪ.

39. ಅಶ್ಕೆನಾಜಿ ಯಹೂದಿಗಳಲ್ಲಿ ಸುಮಾರು 50ರಲ್ಲಿ ಒಬ್ಬರು ಎಬಿಸಿಸಿ8 ದೋಷದ ಒಂದು ಪ್ರತಿ ಹೊತ್ತಿರುತ್ತಾರೆ. ಎರಡೇ ಎರಡು ಪ್ರಾಚೀನ ದೋಷಗಳು ಅವರಲ್ಲಿ ಕಂಡುಬರುವ ಶೇ. 90ರಷ್ಟು ದೋಷಗಳಿಗೆ ಲೆಕ್ಕ ಕೊಡುತ್ತವೆ.

40. 1980ರ ದಶಕದಲ್ಲೇ ಬೆಂಗಳೂರಿನ ವಿಜ್ಞಾನಿಗಳು ಕರ್ನಾಟಕದ ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತ ತಪಾಸಣೆ ನಡೆಸಿದ್ದರು. ಅದು ಅಮೈನೊ ಆಮ್ಲದ ದೋಷಗಳಿಗಾಗಿ. ಅತಿ ಇನ್ಸುಲಿನ್ನನ್ನು ಅಂಥ ಒಂದು ಹನಿ ಒಣರಕ್ತದಲ್ಲಿ ಹಿಡಿಯಲಾಗದು. ಸಕ್ಕರೆ ಗಂಟೆಗೊಂದು ಬಗೆ. ಇಳಿದ ಗಳಿಗೆಯಲ್ಲೇ ಅಳೆಯಬೇಕು.

ಕಾಣದ ಚುಕ್ಕೆಯ ಬೇಟೆ

41. ಸ್ಕ್ಯಾನಿಂಗ್, ಸಿಟಿ, ಎಂಆರ್‌ಐ ಯಾವುದಕ್ಕೂ ಈ ಚುಕ್ಕೆ ಕಾಣುವುದಿಲ್ಲ. ಹಿಂದೆ ಯಕೃತ್ತಿನ ಮೂಲಕ ತೂರುನಳಿಕೆ ಹಾಯಿಸಿ, ಗ್ರಂಥಿಯ ಒಂದೊಂದು ಅಭಿಧಮನಿಯಿಂದಲೂ ರಕ್ತ ತೆಗೆದು, ಇನ್ಸುಲಿನ್ ಎಲ್ಲಿ ಹೆಚ್ಚು ಎಂದು ಹುಡುಕುತ್ತಿದ್ದರು. ಹಸುಗೂಸಿನ ಮೇಲೆ ಗಂಟೆಗಟ್ಟಲೆ ನಡೆಯುವ ಕಷ್ಟದ ಕೆಲಸವದು.

42. 2000ದ ದಶಕದಲ್ಲಿ ಫಿನ್ಲೆಂಡ್ ಮತ್ತು ಫ್ರಾನ್ಸಿನ ತಂಡಗಳು ಫ್ಲೋರಿನ್-18 ಡೋಪಾ ಪೆಟ್ ಸ್ಕ್ಯಾನ್ ತಂದವು. ಪಾರ್ಕಿನ್‌ಸನ್ ರೋಗಿಗಳ ಮಿದುಳು ನೋಡಲು ಬಳಸುತ್ತಿದ್ದ ದ್ರವ್ಯವಿದು. ಬೀಟಾ ಕೋಶಗಳು ಡೋಪಾ ಹೀರಿಕೊಳ್ಳುವುದರಿಂದ ಚುಕ್ಕೆ ಹೊಳೆಯುತ್ತದೆ. ಶಸ್ತ್ರಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ್ದು ಈ ಸ್ಕ್ಯಾನ್.

43. ಆ ದ್ರವ್ಯದ ಅರ್ಧಾಯುಷ್ಯ ಸುಮಾರು 110 ನಿಮಿಷ. ತಯಾರಿಸುವ ಸೈಕ್ಲೋಟ್ರಾನ್ ಆಸ್ಪತ್ರೆಗೆ ಹತ್ತಿರವಿರಬೇಕು, ಎಲ್ಲ ಊರಿಗೂ ಅದು ಎಟಕುವುದಿಲ್ಲ. ಈಗ ಗ್ಯಾಲಿಯಂ-68 ಅಂಟಿಸಿದ ಎಕ್ಸೆಂಡಿನ್ ಎಂಬ ಇನ್ನೊಂದು ದ್ರವ್ಯವೂ ಬಳಕೆಗೆ ಬರುತ್ತಿದೆ. ಅದರ ಅರ್ಧಾಯುಷ್ಯ 68 ನಿಮಿಷವೇ ಆದರೂ ಸೈಕ್ಲೋಟ್ರಾನ್ ಬೇಕಿಲ್ಲ, ಆಸ್ಪತ್ರೆಯಲ್ಲಿಡುವ ಸಣ್ಣ ಜನರೇಟರಿನಿಂದ ತೆಗೆಯಬಹುದು.

44. ಆಪರೇಷನ್ ನಡೆಯುತ್ತಿರುವಾಗಲೇ ಚೂರು ಚೂರು ಅಂಗಾಂಶ ರೋಗಶಾಸ್ತ್ರಜ್ಞರ ಕೈಗೆ ಹೋಗುತ್ತದೆ. ಅವರು ಅದನ್ನು ಹೆಪ್ಪುಗಟ್ಟಿಸಿ, ಸೀಳಿ, ನೋಡಿ, ಅಂಚು ಸ್ವಚ್ಛವಾಗಿದೆ ಎಂದ ಮೇಲೆಯೇ ಹೊಲಿಗೆ. ಪಳಗಿದ ಕೇಂದ್ರಗಳಲ್ಲಿ ಚುಕ್ಕೆ ತೆಗೆಸಿಕೊಂಡ ಮಕ್ಕಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ. ಮದ್ದೂ ಬೇಡ, ಪಥ್ಯವೂ ಬೇಡ.

45. ಇಡೀ ಗ್ರಂಥಿಯ ಕಾಯಿಲೆಯಲ್ಲಿ ಶೇ. 95-98ರಷ್ಟು ಗ್ರಂಥಿ ತೆಗೆಯಬೇಕಾಗಬಹುದು. ಆದರೂ ಹಲವರಿಗೆ ಸಕ್ಕರೆ ಮತ್ತೆ ಇಳಿಯುತ್ತದೆ, ಹರೆಯದ ಹೊತ್ತಿಗೆ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆಯೇ ಬರುತ್ತದೆ. ಜೀರ್ಣರಸಕ್ಕೆ ಮಾತ್ರೆ ಬೇರೆ. ಕತ್ತರಿಗಿಂತ ಮೊದಲು ವಂಶವಾಹಿ ಪರೀಕ್ಷೆ, ಪೆಟ್ ಸ್ಕ್ಯಾನ್ ಬೇಕೆಂದು ತಜ್ಞರು ಪಟ್ಟು ಹಿಡಿಯುವುದು ಇದಕ್ಕೇ.

ಮದ್ದಿನ ಚೀಲದಲ್ಲಿ

46. ಸೊಮಾಟೊಸ್ಟಾಟಿನ್ ರಕ್ತದಲ್ಲಿ ಬದುಕುವುದು ಕೆಲವೇ ನಿಮಿಷ. ಅದರ ದೀರ್ಘಾಯುಷಿ ನಕಲು ಆಕ್ಟ್ರಿಯೋಟೈಡ್. ಲ್ಯಾನ್‌ರಿಯೋಟೈಡ್ ಇನ್ನೂ ದೀರ್ಘ, ತಿಂಗಳಿಗೊಂದು ಚುಚ್ಚು ಸಾಕಾಗಬಹುದು. ಎಳೆಯ ಶಿಶುಗಳ ಕರುಳಿಗೆ ರಕ್ತ ಕಡಿಮೆಯಾಗುವ ಅಪಾಯವಿರುವುದರಿಂದ ಎಚ್ಚರಿಕೆ ಬೇಕು.

47. ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಿಂದ ಎಕ್ಸೆಂಡಿನ್-4 ಸಿಕ್ಕಿತು. ಜಾನ್ ಎಂಗ್ 1992ರಲ್ಲಿ ವರದಿ ಮಾಡಿದ ಈ ವಸ್ತುವೇ ಜಿಎಲ್‌ಪಿ-1 ಬಗೆಯ ಸಕ್ಕರೆ ಕಾಯಿಲೆಯ ಮದ್ದುಗಳಿಗೆ ದಾರಿ ಮಾಡಿತು. ಅದರ ತಲೆಯ ಎಂಟು ಅಮೈನೊ ಆಮ್ಲ ಕತ್ತರಿಸಿದರೆ ಕೆಲಸ ತಿರುವುಮುರುವು: ಇನ್ಸುಲಿನ್ ಏರಿಸುವ ಬದಲು ತಡೆಯುತ್ತದೆ. ಫಿಲಡೆಲ್ಫಿಯಾದ ದಿವಾ ಡಿ ಲಿಯಾನ್ ತಂಡ ಅದನ್ನು ಈ ರೋಗಿಗಳ ಮೇಲೆ ಪರೀಕ್ಷಿಸಿ 2012ರಲ್ಲಿ ಫಲ ಪ್ರಕಟಿಸಿತು.

48. ಗ್ಲುಕಗಾನ್ ನೀರಿನಲ್ಲಿ ಕರಗಿಸಿಟ್ಟರೆ ಎಳೆಎಳೆಯಾಗಿ ಗಡ್ಡೆಕಟ್ಟಿ ಪಂಪಿನ ನಳಿಕೆ ಮುಚ್ಚುತ್ತದೆ. ದ್ರವದಲ್ಲೂ ಕೆಡದ ಡಾಸಿಗ್ಲುಕಗಾನ್ ಎಂಬ ನಕಲನ್ನು ಸಣ್ಣ ಪಂಪಿನಿಂದ ಹನಿಹನಿಯಾಗಿ ಕೊಡುವ ಪ್ರಯೋಗಗಳು ಮಕ್ಕಳಲ್ಲಿ ನಡೆದಿವೆ.

49. ಇನ್ನೊಂದು ಹೊಸ ಯೋಚನೆ ಇನ್ಸುಲಿನ್ನನ್ನು ನಿಲ್ಲಿಸುವುದಲ್ಲ, ಬಂದರೂ ಕಿವಿಗೊಡದಂತೆ ಮಾಡುವುದು. ಕೋಶಗಳ ಮೇಲಿನ ಇನ್ಸುಲಿನ್ ಗ್ರಾಹಕಕ್ಕೆ ಅಂಟಿಕೊಂಡು ಅದರ ಸ್ಪಂದನೆ ತಗ್ಗಿಸುವ ಪ್ರತಿಕಾಯವನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಕಾಯಿಲೆ ಯಾವ ವಂಶವಾಹಿಯಿಂದ ಬಂದರೂ ಕೆಲಸ ಮಾಡಬೇಕೆಂಬುದು ಲೆಕ್ಕ.

50. ಅಂಗಾಂಗ ಕಸಿಯಾದವರಿಗೆ ಕೊಡುವ ಸಿರೊಲಿಮಸ್ ಲಂಡನ್ನಿನಲ್ಲಿ ನಾಲ್ಕು ಶಿಶುಗಳನ್ನು ಗ್ರಂಥಿಯ ಶಸ್ತ್ರಚಿಕಿತ್ಸೆಯಿಂದ ಪಾರುಮಾಡಿದ ಸುದ್ದಿ 2014ರಲ್ಲಿ ಬಂತು. ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದಾದ್ದರಿಂದ ಆಮೇಲೆ ಉತ್ಸಾಹಕ್ಕೆ ಎಚ್ಚರಿಕೆಯೂ ಸೇರಿಕೊಂಡಿತು.

51. ಬೇಯಿಸದ ಮೆಕ್ಕೆಜೋಳದ ಪಿಷ್ಟವೂ ಕೆಲವು ದೊಡ್ಡ ಮಕ್ಕಳ ಪಥ್ಯದಲ್ಲಿದೆ. ಅದು ಕರುಳಿನಲ್ಲಿ ನಿಧಾನವಾಗಿ ಕರಗಿ ರಾತ್ರಿಯಿಡೀ ಗ್ಲುಕೋಸ್ ಬಿಡುತ್ತದೆ.

52. ಬಹಳಷ್ಟು ಮಕ್ಕಳು ಬಾಯಲ್ಲಿ ತಿನ್ನಲು ಒಪ್ಪುವುದೇ ಇಲ್ಲ. ತಿಂಗಳುಗಟ್ಟಲೆ ಮೂಗಿನ ನಳಿಕೆಯಲ್ಲಿ ಹಾಲು ಕುಡಿದ ಮೇಲೆ ಚಮಚ ಕಂಡರೆ ಮುಖ ತಿರುಗಿಸುತ್ತಾರೆ. ತಾಯಂದಿರನ್ನು ಈ ಹಟವೂ ಬಹಳ ಕಾಡುತ್ತದೆ.

53. ಚರ್ಮಕ್ಕೆ ಅಂಟಿಸುವ ಸಕ್ಕರೆ ಸೆನ್ಸರುಗಳು ರಾತ್ರಿಯ ಕಾವಲಿಗೆ ಬಂದಿವೆ. ಆದರೆ ತೀರಾ ಕಡಿಮೆ ಸಕ್ಕರೆಯಲ್ಲಿ ಅವುಗಳ ಅಂಕಿ ಜಾರುವುದುಂಟು. ಅಲಾರಂ ಕೂಗಿದರೆ ಬೆರಳಿನ ರಕ್ತದಲ್ಲಿ ಖಚಿತಪಡಿಸಿಕೊಳ್ಳಬೇಕು. ಈ ಮಕ್ಕಳ ಸಕ್ಕರೆ 70 ಮಿಲಿಗ್ರಾಮಿಗಿಂತ ಮೇಲಿರಬೇಕೆಂಬುದು ಈಗಿನ ಗುರಿ.

54. ಸಮಾಧಾನದ ಮಾತೂ ಇದೆ. ಮದ್ದಿನಲ್ಲಿ ಹತೋಟಿಗೆ ಬಂದ ಹಲವು ಮಕ್ಕಳಲ್ಲಿ ವರ್ಷಗಳು ಉರುಳಿದಂತೆ ಕಾಯಿಲೆ ಸೌಮ್ಯವಾಗುತ್ತದೆ, ಕೆಲವರು ಮದ್ದನ್ನೇ ಬಿಡುತ್ತಾರೆ.

55. ಇಷ್ಟೆಲ್ಲ ಮುನ್ನಡೆಯ ನಡುವೆಯೂ ಬದಲಾಗದ ಅಂಕಿ ಒಂದು: ಈ ಮಕ್ಕಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಂದಿಗೆ ಕಲಿಕೆ, ನಡಿಗೆ ಅಥವಾ ಫಿಟ್ಸಿನ ತೊಂದರೆ ಉಳಿಯುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತಲೇ ಬಂದಿವೆ. ಹಾನಿಯ ಹೆಚ್ಚಿನ ಪಾಲು ರೋಗ ಗೊತ್ತಾಗುವ ಮೊದಲೇ, ಮೊದಲ ದಿನಗಳಲ್ಲೇ ಆಗಿಹೋಗಿರುತ್ತದೆ. ಪೆಟ್ ಸ್ಕ್ಯಾನ್ ಎಲ್ಲ ಊರಲ್ಲೂ ಇಲ್ಲ, ಗ್ಲುಕೋಮೀಟರ್ ಮಾತ್ರ ತಾಲ್ಲೂಕು ಆಸ್ಪತ್ರೆಯಲ್ಲೂ ಇದೆ. ಬಾಣಂತಿಯ ಮಗು ಹಾಲು ಬಿಟ್ಟು ಜೋಲುಬಿದ್ದಿದ್ದರೆ, ಫಿಟ್ಸ್ ಬಂದರೆ, ‘ಸಕ್ಕರೆ ನೋಡಿದಿರಾ? ಎಷ್ಟಿದೆ?’ ಎಂದು ಅಜ್ಜಿಯೂ ಕೇಳಬಹುದು, ಆಶಾ ಕಾರ್ಯಕರ್ತೆಯೂ ಕೇಳಬಹುದು.